ಖಾಲಿ ಉಳಿದ ಮೂರನೇ ಜಾಗವನ್ನು ಫಿಲಿಪಿನೋ ಗಾಡಿಗೆ ಕೊಡಿ: ಫಿಲಿಪ್ಪೀನ್ಸ್‌ನ ವ್ಯಾಪಾರ ಮತ್ತು ಉದ್ಯಮ ಇಲಾಖೆಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ದೇಶದಲ್ಲಿ ಕಾರಿನ ಗೇರ್‌ಬಾಕ್ಸ್ ತಯಾರಾಗುತ್ತದೆ. ಕಾರಿನ ಒಳಗೆಲ್ಲ ಹರಡಿಕೊಳ್ಳುವ ವೈರಿಂಗ್ ತಯಾರಾಗಿ ಹಡಗು ಹತ್ತುತ್ತದೆ. ಕ್ಲಾರ್ಕ್‌ನಲ್ಲಿ ಟೈರ್ ಆಗುತ್ತದೆ. ಬ್ಯಾಟರಿಯೂ ಇಲ್ಲೇ ಆಗುತ್ತದೆ. ಬರೀ ತಗಡು, ವೆಲ್ಡಿಂಗ್ ಮತ್ತು ಕಣ್ಣಳತೆಯಿಂದ ಪೂರ್ತಿ ಜೀಪ್ನಿ, ಅಂದರೆ ಜೀಪಿನಿಂದ ಬೆಳೆದ ಇಲ್ಲಿನ ಪುಟ್ಟ ಬಸ್ಸು, ಕಟ್ಟಿ ನಿಲ್ಲಿಸುವ ಕೈಗಳೂ ಇವೆ. ಆದರೆ ಒಬ್ಬ ಶಾಲಾ ಮೇಷ್ಟ್ರು, ಒಬ್ಬ ತರಕಾರಿ ಬೆಳೆಗಾರ ಧೈರ್ಯ ಮಾಡಿ ಕೊಳ್ಳಬಹುದಾದ, ಇಲ್ಲೇ ವಿನ್ಯಾಸವಾಗಿ ಇಲ್ಲೇ ತಯಾರಾದ ಒಂದು ಪುಟ್ಟ ಗಾಡಿ ಮಾತ್ರ ಇಲ್ಲ. ಅದು ಆಗಬೇಕು. ಆಗುತ್ತದೆ ಕೂಡ. ನಿಮ್ಮ 2015ರ ಕಾರು ತಯಾರಿಕೆ ಬೆಂಬಲ ಯೋಜನೆಯಲ್ಲಿ ಮೂರು ಮಾದರಿಗಳ ಪೈಕಿ ಖಾಲಿ ಉಳಿದ ಮೂರನೇ ಜಾಗವನ್ನು ಅದಕ್ಕೆ ಕೊಡಿ ಎಂದು ಕೇಳಲು ಈ ಪತ್ರ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು, ಮಾಡುವ ಕೆಲಸ ಕಲಿತವನು. ಈಗ ಲಗೂನಾ ಪ್ರಾಂತ್ಯದಲ್ಲಿ ಅದೇ ಕೆಲಸದಲ್ಲಿದ್ದೇನೆ. ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಈ ಕಥೆಯಲ್ಲಿ ನಮ್ಮೂರಿಗೂ ಒಂದು ಪಾಲಿದೆ. ಬಿಡದಿಯ ಕಾರ್ಖಾನೆಯಿಂದ ಮೊದಲು ಹೊರಬಂದ ಗಾಡಿ ಕ್ವಾಲಿಸ್ ಅಲ್ವಾ? ಬೆಂಗಳೂರಿನ ಕಾಲ್ ಸೆಂಟರ್ ಹುಡುಗರನ್ನು ರಾತ್ರಿಯಿಡೀ ಹೊತ್ತು ತಿರುಗಿದ ಗಾಡಿ. ಧರ್ಮಸ್ಥಳಕ್ಕೆ, ತಿರುಪತಿಗೆ ಮನೆ ಮಂದಿಯನ್ನೆಲ್ಲ ಕರೆದೊಯ್ದ ಗಾಡಿ. ಅದೇ ಗಾಡಿ ಫಿಲಿಪ್ಪೀನ್ಸ್‌ನಲ್ಲಿ ಅದಕ್ಕೂ ಮೊದಲೇ ತಮರಾವ್ ಎಫ್‌ಎಕ್ಸ್ ಎಂಬ ಹೆಸರಲ್ಲಿ ಓಡುತ್ತಿತ್ತು. ಅದರ ಬೇರು ಹುಡುಕಿದರೆ 1976ರ ತಮರಾವ್‌ಗೆ ಹೋಗಿ ಮುಟ್ಟುತ್ತೇವೆ. ತಮರಾವ್ ಬಂದ ಮರುವರ್ಷ ಇಂಡೋನೇಷ್ಯಾದಲ್ಲಿ ಅದರ ತಮ್ಮನಾಗಿ ಕಿಜಾಂಗ್ ಬಂತು. ಬೆಳೆಯುತ್ತ ಬೆಳೆಯುತ್ತ ಅದು ನಮ್ಮ ಕ್ವಾಲಿಸ್ ಆಯಿತು, ಆಮೇಲೆ ಇನೋವಾ ಆಯಿತು.

ಅಂದರೆ ಏಷ್ಯಾದ ಮಧ್ಯಮ ವರ್ಗಕ್ಕೆ ಅಗ್ಗದ, ಗಟ್ಟಿಮುಟ್ಟಾದ ಗಾಡಿ ಹೇಗಿರಬೇಕು ಎಂಬ ಪ್ರಯೋಗ ಮೊದಲು ನಡೆದ ಜಾಗಗಳಲ್ಲಿ ನಿಮ್ಮ ದೇಶವೂ ಒಂದು. 1972ರಲ್ಲಿ ಫೋರ್ಡ್ ಇಲ್ಲಿ ಫಿಯೆರಾ ತಂದಿತು. ಜನರಲ್ ಮೋಟರ್ಸ್ ಹರಾಬಾಸ್ ತಂದಿತು. ಫೋಕ್ಸ್‌ವ್ಯಾಗನ್ ಎಂಜಿನ್ ಇಟ್ಟುಕೊಂಡು ಸಕ್ಬಯಾನ್ ಬಂತು. ಡೆಲ್ಟಾ ಮೋಟರ್ಸ್ ತಮರಾವ್ ಜೊತೆಗೆ ಮಿನಿ ಕ್ರೂಸರ್ ಎಂಬ ಜೀಪನ್ನೂ ಮಾಡಿತು, ಅದು ನಿಮ್ಮ ಸೇನೆಗೂ ಹೋಯಿತು. ಆ ಕಾಲದಲ್ಲಿ ಇವೆಲ್ಲ ಮಾರುಕಟ್ಟೆಗೆ, ಹೊಲಕ್ಕೆ, ಶಾಲೆಗೆ, ಆಸ್ಪತ್ರೆಗೆ ಓಡಿದ ಗಾಡಿಗಳು.

ಫಿಯೆರಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನ ಕಸುಬಿನವರಿಗೆ ಆ ಗಾಡಿಯ ಮೇಲೆ ತುಂಬ ಗೌರವ.

ಕಾರು ಯಾಕೆ ದುಬಾರಿ? ಎಂಜಿನ್ ಕಾರಣ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹೊಸ ಕಾರು ಶುರು ಮಾಡುವವನ ಬೆನ್ನು ಮುರಿಯುವುದು ಡೈಗಳ ಖರ್ಚು. ಬಾಗಿಲಿನ ಹೊರ ತಗಡು ಒಂದನ್ನೇ ತೆಗೆದುಕೊಳ್ಳಿ. ಅದಕ್ಕೆ ಮೊದಲು ಆಕಾರ ಎಳೆಯುವ ಡೈ ಬೇಕು. ಆಮೇಲೆ ಅಂಚು ಕತ್ತರಿಸುವುದು, ತೂತು ಹೊಡೆಯುವುದು, ಅಂಚು ಮಡಚುವುದು. ಒಂದೊಂದಕ್ಕೂ ಬೇರೆ ಡೈ, ಅದನ್ನು ಒತ್ತಲು ನೂರಾರು ಟನ್ ಶಕ್ತಿಯ ಪ್ರೆಸ್. ಇಡೀ ಬಾಡಿಗೆ ಇಂಥ ಡೈಗಳು ನೂರರ ಲೆಕ್ಕದಲ್ಲಿ ಬೇಕಾಗುತ್ತವೆ. ಗಾಡಿ ಲಕ್ಷಗಟ್ಟಲೆ ಮಾರಿದರೆ ಮಾತ್ರ ಆ ಖರ್ಚು ಹರಡಿಹೋಗುತ್ತದೆ. ಕೆಲವೇ ಸಾವಿರ ಮಾರಿದರೆ ಪ್ರತಿ ಗಾಡಿಯ ಮೇಲೂ ಡೈ ಸಾಲ ಕೂತಿರುತ್ತದೆ.

ಫಿಯೆರಾ ಮಾಡಿದವರು ಇದನ್ನು ಬೇರೆ ದಾರಿಯಲ್ಲಿ ಬಿಡಿಸಿದರು. ಚಪ್ಪಟೆ ತಗಡು ಕತ್ತರಿಸಿ, ಸಾದಾ ಬೆಂಡಿಂಗ್ ಮೆಷಿನ್‌ನಲ್ಲಿ ಮಡಚಿ, ವೆಲ್ಡ್ ಮಾಡಿದರು. ಗಾಡಿಗೆ ದುಂಡನೆಯ ಸೊಬಗು ಬರಲಿಲ್ಲ, ನೇರ ಗೆರೆಗಳ ಡಬ್ಬಿಯಂತೆ ಕಾಣುತ್ತಿತ್ತು. ಆದರೆ ಸ್ಥಳೀಯ ವರ್ಕ್‌ಶಾಪ್‌ನಲ್ಲೇ ಕಟ್ಟಬಹುದಿತ್ತು. ಕೆಟ್ಟರೆ ಅಲ್ಲೇ ರಿಪೇರಿಯಾಗುತ್ತಿತ್ತು. ಎಂಜಿನ್ ಎಸ್ಕಾರ್ಟ್ ಕಾರಿನದು. ಹೊಸದಾಗಿ ಕಂಡುಹಿಡಿಯುವ ಗೋಜಿಗೆ ಹೋಗಲಿಲ್ಲ.

ಇವತ್ತು ಆ ದಾರಿ ಇನ್ನೂ ಸುಲಭ. 1972ರಲ್ಲಿ ಇಂಥ ವರ್ಕ್‌ಶಾಪ್‌ಗಳ ಕೈಗೆ ಎಟುಕದಿದ್ದ ಲೇಸರ್ ಕಟಿಂಗ್, ಕಂಪ್ಯೂಟರ್ ನಿಯಂತ್ರಣದ ಬೆಂಡಿಂಗ್ ಮೆಷಿನ್ ಈಗ ಚಿಕ್ಕ ಊರುಗಳಿಗೂ ಬಂದಿವೆ. ತಗಡಿನ ಭಾಗಗಳು ಒಂದಕ್ಕೊಂದು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಕೊಳ್ಳುತ್ತವೆ. ಡೈ ಇಲ್ಲದೆ ವರ್ಷಕ್ಕೆ ಐದಾರು ಸಾವಿರ ಗಾಡಿ ಮಾಡಿಯೂ ಬದುಕಬಹುದಾದ ಕಾರ್ಖಾನೆ ಈಗ ಕನಸಲ್ಲ. ಡೈ ಮಾಡಿಯೇ ಹೊಟ್ಟೆ ಹೊರೆಯುವವನಾಗಿ ಈ ಮಾತು ಹೇಳುತ್ತಿದ್ದೇನೆ.

ಹಾಗಿದ್ದರೆ ಆ ಗಾಡಿಗಳು ಯಾಕೆ ಉಳಿಯಲಿಲ್ಲ? 1973ರಲ್ಲಿ ನಿಮ್ಮ ಸರ್ಕಾರ ಶುರು ಮಾಡಿದ ಕಾರು ತಯಾರಿಕೆ ಯೋಜನೆಯಲ್ಲಿ ಐದು ಕಂಪನಿಗಳು ಇದ್ದವು. ಸ್ಥಳೀಯ ಬಿಡಿಭಾಗಗಳ ಪಾಲು ವರ್ಷದಿಂದ ವರ್ಷಕ್ಕೆ ಏರಬೇಕು ಎಂಬ ಷರತ್ತು ಇತ್ತು. ಕಲಂಬಾದ ಗೇರ್‌ಬಾಕ್ಸ್ ಕಾರ್ಖಾನೆ ಆ ಯೋಜನೆಯ ಕೂಸು. ಬತಾನ್‌ನ ಮರಿವೆಲೆಸ್‌ನಲ್ಲಿ ಫೋರ್ಡ್ ತಗಡು ಒತ್ತುವ ಘಟಕ ಹಾಕಿತು. ಆಮೇಲೆ 1983ರ ಸಾಲದ ಬಿಕ್ಕಟ್ಟು ಬಂತು. ಡಾಲರ್ ಇಲ್ಲ, ಬಿಡಿಭಾಗ ತರಿಸುವಂತಿಲ್ಲ. 1984ರಲ್ಲಿ ಫೋರ್ಡ್ ಬಾಗಿಲು ಹಾಕಿತು. ಡೆಲ್ಟಾ ಮೋಟರ್ಸ್ ಕೂಡ ಮುಳುಗಿತು. ಜನರಿಗೆ ಆ ಗಾಡಿಗಳು ಬೇಡವಾಗಿ ನಿಂತದ್ದಲ್ಲ. ದೇಶದ ಹಣಕಾಸು ಕುಸಿದಾಗ ಅವೂ ಕುಸಿದವು.

ನಂತರ ಬಂದ ಯೋಜನೆಗಳಲ್ಲಿ ಒಂದಕ್ಕೊಂದು ಕೊಂಡಿ ಇರಲಿಲ್ಲ. 1987ರಲ್ಲಿ ಒಂದು ನೀತಿ, 2002ರಲ್ಲಿ ಇನ್ನೊಂದು. 2010ರಿಂದ ಆಸಿಯಾನ್ ಒಪ್ಪಂದದಂತೆ ಥಾಯ್ಲೆಂಡ್, ಇಂಡೋನೇಷ್ಯಾದ ಕಾರುಗಳು ಸುಂಕವಿಲ್ಲದೆ ಬರತೊಡಗಿದವು. ಮರಳಿ ಬಂದಿದ್ದ ಫೋರ್ಡ್ 2012ರಲ್ಲಿ ಮತ್ತೆ ಕಾರ್ಖಾನೆ ಮುಚ್ಚಿತು. 2020ರಲ್ಲಿ ಹೋಂಡಾ ಸಾಂತಾ ರೋಸಾದ ಕಾರು ತಯಾರಿಕೆ ನಿಲ್ಲಿಸಿತು. 2021ರಲ್ಲಿ ಹೊರಗಿನ ಕಾರಿನ ಮೇಲೆ ತಲಾ 70,000 ಪೆಸೋ ತಾತ್ಕಾಲಿಕ ಸುಂಕ ಹಾಕಿದಿರಿ, ಕೆಲವೇ ತಿಂಗಳಲ್ಲಿ ಅದೂ ಹೋಯಿತು. ಇಷ್ಟು ಅಲುಗಾಡುವ ನೆಲದ ಮೇಲೆ ಹತ್ತು ವರ್ಷದ ಸಾಲ ಮಾಡಿ ಮೆಷಿನ್ ಹಾಕಲು ಯಾವ ಸಣ್ಣ ಉದ್ಯಮಿ ಮುಂದೆ ಬರುತ್ತಾನೆ?

2015ರ ನಿಮ್ಮ ಕಾರ್ಸ್ ಯೋಜನೆ ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಮೂರು ಮಾದರಿಗಳಿಗೆ ತಲಾ 900 ಕೋಟಿ ಪೆಸೋ ಬೆಂಬಲ, ಒಟ್ಟು 2,700 ಕೋಟಿ. ಷರತ್ತು: ಪ್ರತಿ ಮಾದರಿಯೂ ಆರು ವರ್ಷದಲ್ಲಿ 2 ಲಕ್ಷ ಗಾಡಿ ತಯಾರಾಗಬೇಕು, ಬಾಡಿ ಮತ್ತು ದೊಡ್ಡ ಪ್ಲಾಸ್ಟಿಕ್ ಭಾಗಗಳು ಇಲ್ಲೇ ಆಗಬೇಕು. ಟೊಯೊಟಾ ವಿಯೋಸ್ ಮತ್ತು ಮಿತ್ಸುಬಿಷಿ ಮಿರಾಜ್ ಎರಡು ಜಾಗ ತುಂಬಿದವು. ಅದರಿಂದ ಬಿಡಿಭಾಗ ಮಾಡುವವರಿಗೆ ಕೆಲಸ ಸಿಕ್ಕಿತು, ಹೊಸ ಪ್ರೆಸ್‌ಗಳು ಬಂದವು. ಆ ಯೋಜನೆಯನ್ನು ನಾನು ಹೊಗಳುತ್ತೇನೆ. ಆದರೆ ಮೂರನೇ ಜಾಗ ಖಾಲಿಯೇ ಉಳಿಯಿತು.

ಯಾಕೆ ಖಾಲಿ ಉಳಿಯಿತು ಎಂದು ಲೆಕ್ಕ ಹಾಕಿ ನೋಡಿ. ಆರು ವರ್ಷಕ್ಕೆ 2 ಲಕ್ಷ ಅಂದರೆ ವರ್ಷಕ್ಕೆ 33,000 ದಾಟಬೇಕು. 2024ರಲ್ಲಿ ಕಾರು ಮತ್ತು ಟ್ರಕ್ ತಯಾರಕರ ಸಂಘಗಳ ಲೆಕ್ಕದಂತೆ ಅವುಗಳ ಸದಸ್ಯ ಕಂಪನಿಗಳ ಮಾರಾಟ, ಎಲ್ಲ ಮಾದರಿ ಸೇರಿ 4,67,252. ಅದರಲ್ಲಿ ಒಂದೇ ಮಾದರಿಗೆ ಅಷ್ಟು ದೊಡ್ಡ ಪಾಲು ಬೇಕು ಎಂಬ ಷರತ್ತನ್ನು ಈಗಾಗಲೇ ಬೇರೂರಿದ ವಿದೇಶಿ ಕಂಪನಿ ಮಾತ್ರ ಪೂರೈಸಬಹುದು. ಫಿಲಿಪಿನೋ ವಿನ್ಯಾಸಕ್ಕೆ ಆ ಬಾಗಿಲು ಮೊದಲೇ ಮುಚ್ಚಿತ್ತು.

ನನ್ನ ಕೋರಿಕೆ ಇಷ್ಟೇ. ಆ ಮೂರನೇ ಜಾಗವನ್ನು, ಅಥವಾ ಅದರ ಕಾಲುಭಾಗದಷ್ಟು ಹಣವನ್ನಾದರೂ, ಇಲ್ಲೇ ವಿನ್ಯಾಸವಾಗುವ ಒಂದು ಸಣ್ಣ ಉಪಯೋಗಿ ಗಾಡಿಗೆ ಮೀಸಲಿಡಿ. ಸಂಖ್ಯೆಯ ಷರತ್ತು ಇಳಿಸಿ. ಬದಲಿಗೆ ಗಾಡಿಯ ಬೆಲೆಯಲ್ಲಿ ಎಷ್ಟು ಪಾಲು ದೇಶದೊಳಗಿನ ಕೆಲಸ ಎಂದು ಅಳೆಯಿರಿ.

ಗಾಡಿ ಯಾರಿಗೆ? ಮನಿಲಾದ ಎಡ್ಸಾ ರಸ್ತೆಯಲ್ಲಿ ನಿಂತಿರುವ ಸಾಲಿಗೆ ಇನ್ನೊಂದು ಕಾರು ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಅಲ್ಲಿ ಬೇಕಾಗಿರುವುದು ರೈಲು ಮತ್ತು ಒಳ್ಳೆಯ ಬಸ್ಸು. ಬೆಂಗಳೂರಿನವನಿಗೆ ಈ ಮಾತು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾನು ಹೇಳುತ್ತಿರುವುದು ಪ್ರಾಂತ್ಯಗಳ ಬಗ್ಗೆ. ಬೆಂಗೆಟ್‌ನ ಬೆಟ್ಟದಲ್ಲಿ ಎಲೆಕೋಸು, ಕ್ಯಾರೆಟ್ ಬೆಳೆದು ಲಾ ತ್ರಿನಿದಾದ್ ಮಾರುಕಟ್ಟೆಗೆ ಇಳಿಸಬೇಕಾದವರು. ಮೀನು ಹಿಡಿದು ಬೆಳಗಾಗುವುದರೊಳಗೆ ಪೇಟೆ ಸೇರಬೇಕಾದವರು. ಹೆರಿಗೆ ನೋವು ಬಂದ ಹೆಂಗಸನ್ನು ಟ್ರೈಸಿಕಲ್‌ನ ಪಕ್ಕದ ಗೂಡಿನಲ್ಲಿ ಕೂರಿಸಿ ಕರೆದೊಯ್ಯುವ ಊರುಗಳು. ಮೋಟರ್‌ಸೈಕಲ್‌ಗೆ ಗೂಡು ಕಟ್ಟಿದ ಆ ಟ್ರೈಸಿಕಲ್ ಇಡೀ ದೇಶವನ್ನು ಹೊತ್ತಿದೆ, ನಿಜ. ಆದರೆ ಮಳೆಗಾಲದ ಬೆಟ್ಟದ ರಸ್ತೆಗೆ, ಐದು ಜನ ಮತ್ತು ನಾಲ್ಕು ಮೂಟೆ ಹೊರೆಗೆ ಅದು ತಯಾರಾದದ್ದಲ್ಲ.

ಈ ಜನ ಈಗ ಏನು ಮಾಡುತ್ತಾರೆ? ಸೆಬುನಲ್ಲಿ ಜಪಾನಿನ ಹಳೆಯ ಪುಟ್ಟ ವ್ಯಾನ್‌ಗಳ ಬಿಡಿಭಾಗ ತಂದು ಜೋಡಿಸಿದ ಮಲ್ಟಿಕ್ಯಾಬ್ ಕೊಳ್ಳುತ್ತಾರೆ. ಲುಜಾನ್‌ನಲ್ಲಿ ಸ್ಟೇನ್‌ಲೆಸ್ ತಗಡಿನ ‘ಓನರ್’ ಜೀಪು ಕಟ್ಟಿಸಿಕೊಳ್ಳುತ್ತಾರೆ. ಎರಡೂ ಜಾಣತನದ ಕೆಲಸಗಳೇ. ಆದರೆ ಯಾವುದಕ್ಕೂ ಸುರಕ್ಷತಾ ಪರೀಕ್ಷೆ ಇಲ್ಲ, ಎರಡು ಗಾಡಿ ಒಂದೇ ತರ ಇರುವುದಿಲ್ಲ. ಹೊಸ ಕಾರಿನ ಕಡೆ ನೋಡೋಣ ಅಂದರೆ ಎಲ್ಲಕ್ಕಿಂತ ಚಿಕ್ಕದು 6 ಲಕ್ಷ ಪೆಸೋ ಆಸುಪಾಸು. ರಾಜಧಾನಿಯ ಕನಿಷ್ಠ ದಿನಗೂಲಿ 2025ರ ಜುಲೈನಿಂದ 695 ಪೆಸೋ. ಊಟ, ಬಾಡಿಗೆ ಯಾವುದಕ್ಕೂ ಒಂದು ಪೆಸೋ ಮುಟ್ಟದೆ ಉಳಿಸಿದರೂ 860 ದಿನದ ಕೂಲಿ ಬೇಕು. ಪ್ರಾಂತ್ಯಗಳಲ್ಲಿ ಕೂಲಿ ಇನ್ನೂ ಕಡಿಮೆ. 2024ರ ಕೊನೆಗೆ ಸಾಂತಾ ರೋಸಾದಲ್ಲೇ ತಯಾರಾಗಿ ಬಂದ ಹೊಸ ತಮರಾವ್ ಒಳ್ಳೆಯ ಗಾಡಿ, ಅದನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದರ ಬೆಲೆ 9 ಲಕ್ಷ ಪೆಸೋ ದಾಟುತ್ತದೆ. ಹಳೆಯ ತಮರಾವ್ ಕೊಂಡಿದ್ದ ವರ್ಗಕ್ಕೆ ಹೊಸದು ಎಟುಕುವುದಿಲ್ಲ.

ಅಗ್ಗ ಅನ್ನುವ ಪದದ ಬಗ್ಗೆ ನಮ್ಮ ದೇಶ ಒಂದು ಪಾಠ ಕಲಿತಿದೆ. ಒಂದು ಲಕ್ಷ ರೂಪಾಯಿ ಕಾರು ಎಂದು 2008ರಲ್ಲಿ ಟಾಟಾ ನ್ಯಾನೋ ತೋರಿಸಿದಾಗ ಇಡೀ ಜಗತ್ತು ನೋಡಿತು. ಎಂಜಿನಿಯರಿಂಗ್ ನಿಜಕ್ಕೂ ಅದ್ಭುತ. ಆದರೆ ‘ಬಡವರ ಕಾರು’ ಎಂಬ ಹಣೆಪಟ್ಟಿ ಬಿದ್ದಮೇಲೆ ಬಡವನಿಗೂ ಅದು ಬೇಡವಾಯಿತು. 2014ರ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಒಂದು ಸ್ಟಾರ್ ಕೂಡ ಸಿಗಲಿಲ್ಲ. 2018ಕ್ಕೆ ತಯಾರಿಕೆ ನಿಂತೇಹೋಯಿತು. ಅದಕ್ಕಿಂತ ಮೊದಲಿನ ಮಾರುತಿ 800 ಬೇರೆಯೇ ದಾರಿ ಹಿಡಿದಿತ್ತು. 1983ರಲ್ಲಿ ಜಪಾನಿನ ಭಾಗಗಳನ್ನು ಜೋಡಿಸುವುದರಿಂದ ಶುರುವಾಗಿ, ಒಂದೊಂದೇ ಭಾಗವನ್ನು ದೇಶದೊಳಗೆ ಮಾಡಿಸುತ್ತ ಹೋಯಿತು. ಸೀಟು ಮಾಡುವವನ ಜೊತೆ, ಸ್ಟೀರಿಂಗ್ ಮಾಡುವವನ ಜೊತೆ ಮಾರುತಿಯೇ ಪಾಲುದಾರನಾಗಿ ನಿಂತಿತು. ಇವತ್ತಿನ ಭಾರತದ ಬಿಡಿಭಾಗ ಉದ್ಯಮ ಬೆಳೆದದ್ದು ಆ ಹಂತಹಂತದ ಹಟದಿಂದ. ಹಾಗಾಗಿ ನನ್ನ ಸಲಹೆ: ಅತಿ ಅಗ್ಗದ ಕಾರು ಎಂದು ಕೂಗಬೇಡಿ. ಕೆಲಸಕ್ಕೆ ಬರುವ ಗಾಡಿ ಎಂದು ಮಾರಿ. 4 ಲಕ್ಷ ಪೆಸೋ ಒಳಗೆ ಬಂದರೆ ಸಾಕು, ಆದರೆ ಬ್ರೇಕ್, ಸೀಟ್ ಬೆಲ್ಟ್, ಬಾಡಿಯ ಗಟ್ಟಿತನದಲ್ಲಿ ಒಂದು ಪೆಸೋ ಕೂಡ ಉಳಿಸಬಾರದು.

ಮಲೇಷ್ಯಾದ ಕಡೆಯೂ ಒಮ್ಮೆ ನೋಡಿ. 1985ರಲ್ಲಿ ಪ್ರೋಟಾನ್ ಸಾಗಾ ದೇಶದ ಹೆಮ್ಮೆಯಾಗಿ ಬಂತು, ಸುಂಕದ ಗೋಡೆಯ ಹಿಂದೆ ದೊಡ್ಡದಾಗಿ ಬೆಳೆಯಿತು, ಕೊನೆಗೆ 2017ರಲ್ಲಿ ಅದರ ಅರ್ಧದಷ್ಟು ಪಾಲು ಚೀನಾದ ಗೀಲಿಗೆ ಹೋಯಿತು. ಆಮೇಲೆ ಹುಟ್ಟಿದ ಪೆರೋಡುವಾ ಸದ್ದಿಲ್ಲದೆ ಪುಟ್ಟ ಕಾರು ಮಾಡಿತು. ಡೈಹಟ್ಸು ತಂತ್ರಜ್ಞಾನವನ್ನು ಸಂಕೋಚವಿಲ್ಲದೆ ಪಡೆಯಿತು, ಸ್ಥಳೀಯ ಬಿಡಿಭಾಗ ಬೆಳೆಸಿತು. ಇವತ್ತು ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಅದೇ.

ಆದ್ದರಿಂದ ಎಂಜಿನ್ ನಾವೇ ಮಾಡುತ್ತೇವೆ ಎಂಬ ಆಸೆ ಈಗ ಬೇಡ. ಕೊಂಡು ತನ್ನಿ. ಗೇರ್‌ಬಾಕ್ಸ್ ಲಗೂನಾದಲ್ಲೇ ಇದೆ. ವೈರಿಂಗ್ ಇಲ್ಲೇ ಇದೆ. ಚಾಸಿ, ಬಾಡಿ, ಸೀಟು, ಇಂಧನ ಟ್ಯಾಂಕ್, ಲೀಫ್ ಸ್ಪ್ರಿಂಗ್ ಇಲ್ಲೇ ಮಾಡಬಹುದು. ದೊಡ್ಡ ತೊಡಕು ತಗಡಿನದು. ಇಲಿಗಾನ್‌ನ ನ್ಯಾಷನಲ್ ಸ್ಟೀಲ್ 1999ರಲ್ಲಿ ಮುಚ್ಚಿದ ಮೇಲೆ ಒಳ್ಳೆಯ ಚಪ್ಪಟೆ ಉಕ್ಕಿಗೆ ಹೊರಗಿನವರನ್ನೇ ನೆಚ್ಚಬೇಕಾಗಿದೆ. ಸಣ್ಣ ಕಾರ್ಖಾನೆ ಸಣ್ಣ ಪ್ರಮಾಣದಲ್ಲಿ ತರಿಸಿದರೆ ಬೆಲೆ ಕೈಗೆ ಹತ್ತುವುದಿಲ್ಲ. ಹತ್ತಾರು ತಯಾರಕರ ಪರವಾಗಿ ಒಟ್ಟಿಗೆ ಖರೀದಿಸುವ ವ್ಯವಸ್ಥೆ ನಿಮ್ಮ ಇಲಾಖೆಯಿಂದ ಆಗಬೇಕು.

ಇನ್ನೊಂದು ಶತ್ರು ತುಕ್ಕು. ಸಮುದ್ರದ ಗಾಳಿ, ಪ್ರವಾಹದ ನೀರು, ವರ್ಷದಲ್ಲಿ ಎಷ್ಟೋ ಚಂಡಮಾರುತ. ಮಡಚಿದ ತಗಡಿನ ಗಾಡಿ ಮೊದಲು ಕೊಳೆಯುವುದು ಮಡಿಕೆಗಳ ಒಳಗೆ, ಬ್ರಷ್ಷು ತಲುಪದ ಜಾಗದಲ್ಲಿ. ಅದಕ್ಕೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪ್ರೈಮರ್ ಹಿಡಿಸಬೇಕು, ಇದನ್ನೇ ಇ-ಕೋಟ್ ಅನ್ನುತ್ತಾರೆ. ಅಂಥ ಘಟಕ ಒಬ್ಬ ಸಣ್ಣ ತಯಾರಕನ ಕೈಯಲ್ಲಿ ಆಗುವ ಕೆಲಸವಲ್ಲ. ಸರ್ಕಾರ ಕಟ್ಟಿ, ಬಾಡಿ ಒಂದಕ್ಕೆ ಇಷ್ಟು ಎಂದು ಶುಲ್ಕ ತೆಗೆದುಕೊಳ್ಳಲಿ. ಲುಜಾನ್‌ನಲ್ಲಿ ಒಂದು, ಸೆಬುನಲ್ಲಿ ಒಂದು ಇದ್ದರೆ ಜೀಪ್ನಿ ಕಟ್ಟುವವರಿಗೂ ಅದು ವರವಾಗುತ್ತದೆ. ಹಣ ಎಲ್ಲಿ ಹಾಕಬೇಕು ಎಂದು ನನ್ನನ್ನು ಕೇಳಿದರೆ ಮೊದಲ ಉತ್ತರ ಇದೇ.

ಬಿಕುತಾನ್‌ನಲ್ಲಿ ನಿಮ್ಮ ದೇಶದ ಲೋಹ ಉದ್ಯಮ ಸಂಶೋಧನಾ ಕೇಂದ್ರವಿದೆ. ಡೈ ಮತ್ತು ಅಚ್ಚಿನ ಘಟಕವೂ ಅಲ್ಲೇ ಇದೆ. ಹೈಬ್ರಿಡ್ ರೈಲು ಕಟ್ಟಿ ತೋರಿಸಿದ ಸಂಸ್ಥೆ ಅದು. 2007ರಲ್ಲಿ ದೆ ಲಾ ಸಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಿನಾಗ್ ಎಂಬ ಸೌರ ಕಾರು ಮಾಡಿ ಆಸ್ಟ್ರೇಲಿಯಾದ ಉದ್ದಕ್ಕೂ ಓಡಿಸಿದರು. ಲಾಸ್ ಪಿನ್ಯಾಸ್‌ನಲ್ಲಿ 1953ರಲ್ಲಿ ಲಿಯೊನಾರ್ಡೊ ಸರಾವ್ ಎಂಬ ಕುದುರೆಗಾಡಿ ಓಡಿಸುತ್ತಿದ್ದವರು 700 ಪೆಸೋ ಸಾಲ ಮಾಡಿ ಜೀಪ್ನಿ ಕಟ್ಟಲು ಶುರು ಮಾಡಿದರು, ದೇಶಕ್ಕೇ ಗುರುತಾದ ಗಾಡಿ ಕೊಟ್ಟರು. ಸಂಶೋಧನಾ ಕೇಂದ್ರ, ವಿಶ್ವವಿದ್ಯಾಲಯ, ತಗಡು ಬಡಿಯುವ ‘ಲಾತೇರೊ’ಗಳು, ಈ ಮೂವರನ್ನೂ ಒಂದೇ ವಿನ್ಯಾಸದ ಮೇಜಿಗೆ ಕೂರಿಸಿ. 2017ರ ನಂತರ ಜೀಪ್ನಿ ಆಧುನೀಕರಣದಲ್ಲಿ ಆದ ನೋವು ಇನ್ನೂ ಹಸಿಯಾಗಿದೆ. 20 ಲಕ್ಷ ಪೆಸೋ ದಾಟಿದ ಮಿನಿಬಸ್ಸುಗಳ ಸಾಲ ಚಾಲಕರ ತಲೆ ಮೇಲೆ ಬಂತು. ದಶಕಗಳಿಂದ ಜೀಪ್ನಿ ಕಟ್ಟಿದ ಕೈಗಳಿಗೆ ಕೆಲಸ ಕಡಿಮೆಯಾಯಿತು. ಆ ಕೈಗಳು ಪೂರ್ತಿ ಮರೆಯಾಗುವ ಮೊದಲು ಈ ಕೆಲಸ ಶುರುವಾಗಬೇಕು.

ಮಾದರಿ ತಯಾರಾದ ಮೇಲೆ ಅದನ್ನು ಮಲೇಷ್ಯಾದ ಮೆಲಾಕಾದಲ್ಲಿರುವ ಅಪಘಾತ ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಗೋಡೆಗೆ ಗುದ್ದಿಸಿ ನೋಡಿ. ಖರ್ಚು ಸರ್ಕಾರ ಕೊಡಲಿ. ಫಲಿತಾಂಶ ಏನೇ ಬರಲಿ, ಜನರಿಗೆ ತಿಳಿಸಿ. ಚಪ್ಪಟೆ ತಗಡಿನ ಬಾಡಿ ಗುದ್ದಿದಾಗ ಸರಿಯಾಗಿ ಮುದುಡಿ ಪೆಟ್ಟನ್ನು ಹೀರಿಕೊಳ್ಳುವುದು ಕಷ್ಟ. ಚಾಸಿಯ ಮುಂಭಾಗದ ವಿನ್ಯಾಸಕ್ಕೇ ಹೆಚ್ಚು ಸಮಯ ಬೇಕಾಗುತ್ತದೆ, ಎರಡು ಮೂರು ಸಲ ಗುದ್ದಿಸಬೇಕಾಗಿ ಬರಬಹುದು. ಆ ತಾಳ್ಮೆ ಇರಲಿ.

ಎಲೆಕ್ಟ್ರಿಕ್ ಯಾಕೆ ಬೇಡ ಎಂದು ಕೇಳುತ್ತೀರಿ. ಬೇಕು. 2022ರ ನಿಮ್ಮ ಎಲೆಕ್ಟ್ರಿಕ್ ವಾಹನ ಕಾಯ್ದೆ ಒಳ್ಳೆಯದು, ಪೂರ್ತಿ ಎಲೆಕ್ಟ್ರಿಕ್ ಗಾಡಿಗೆ ಅಬಕಾರಿ ತೆರಿಗೆಯೂ ಇಲ್ಲ. ನಮ್ಮ ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗೆ ಇಳಿದಿತ್ತು, ಲಂಡನ್ನಿಗೂ ಹೋಗಿತ್ತು. ಕಾಲಕ್ಕಿಂತ ಮುಂಚೆ ಬಂದ ಕಾರು ಅದು. ಆದರೆ ನಿಮ್ಮ 7,641 ದ್ವೀಪಗಳಲ್ಲಿ ಎಷ್ಟೋ ಕಡೆ ಕರೆಂಟ್ ಬರುವುದು ಡೀಸೆಲ್ ಜನರೇಟರ್‌ನಿಂದ, ಅದೂ ಕೆಲವೇ ಗಂಟೆ. ಅಲ್ಲಿಗೆ ಮೊದಲು ಪೆಟ್ರೋಲ್ ಗಾಡಿ ಹೋಗಲಿ. ಚಾಸಿಯನ್ನು ಮಾತ್ರ ಮುಂದೆ ಬ್ಯಾಟರಿ ಕೂರಿಸಲು ಆಗುವಂತೆ ಮೊದಲ ದಿನದಿಂದಲೇ ರೂಪಿಸಿ. ನಮ್ಮ ನೆಲದಲ್ಲಿ ನಿಕ್ಕಲ್ ಇದೆ, ಹಾಗಾಗಿ ಬ್ಯಾಟರಿ ಸುಲಭ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತಾರೆ. ನಿಕ್ಕಲ್ ಅದಿರಿನಲ್ಲಿ ನೀವು ಜಗತ್ತಿಗೇ ಎರಡನೆಯವರು, ನಿಜ. ಆದರೆ ಅಗ್ಗದ ಪುಟ್ಟ ಗಾಡಿಗೆ ಹೊಂದುವ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗೆ ನಿಕ್ಕಲ್ ಬೇಕಾಗುವುದೇ ಇಲ್ಲ. ಅದು ಬೇರೆ ಚರ್ಚೆ, ಇದರ ಜೊತೆ ಬೆರೆಸುವುದು ಬೇಡ.

ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಸ್ಥಳೀಯ ಎಂಬ ಕಾರಣಕ್ಕೆ ತೆರಿಗೆ ಕಡಿಮೆ ಮಾಡಿದರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಕರಾರು ಬರುತ್ತದೆ. ಆದರೆ ಸರ್ಕಾರ ತನ್ನ ಬಳಕೆಗೆ ಕೊಳ್ಳುವಾಗ ದೇಶದ ವಸ್ತುವಿಗೆ ಆದ್ಯತೆ ಕೊಡಬಹುದು. 2024ರ ತಾತಕ್ ಪಿನೋಯ್ ಕಾಯ್ದೆ ಅದಕ್ಕೆಂದೇ ಬಂದಿದೆ, ಅದರ ಮಂಡಳಿಗೆ ನಿಮ್ಮ ಇಲಾಖೆಯೇ ಮುಖ್ಯಸ್ಥ. ದೇಶದಲ್ಲಿ ನಮ್ಮ ಗ್ರಾಮ ಪಂಚಾಯಿತಿಯಂಥ 42,000ಕ್ಕೂ ಹೆಚ್ಚು ಬರಾಂಗಾಯ್‌ಗಳಿವೆ. ಹತ್ತರಲ್ಲಿ ಒಂದು ಬರಾಂಗಾಯ್ ಒಂದೇ ಒಂದು ಗಾಡಿ ಕೊಂಡರೂ 4,200 ಗಾಡಿ. ಮಡಚಿದ ತಗಡಿನ ಕಾರ್ಖಾನೆಗೆ ಹೆಚ್ಚುಕಡಿಮೆ ಒಂದು ವರ್ಷದ ಕೆಲಸ ಅದು. ಸರ್ಕಾರಿ ಲಾಟರಿ ಕಚೇರಿ ಊರೂರಿಗೆ ಕೊಡುವ ರೋಗಿ ಸಾಗಿಸುವ ವಾಹನಗಳಲ್ಲಿ ಸಣ್ಣ ಊರುಗಳ ಪಾಲಿಗಾದರೂ ಈ ಗಾಡಿಯನ್ನು ಪರಿಗಣಿಸಿ. ಮೊದಲ ಮೂರು ವರ್ಷಕ್ಕೆ ಇಂಥ ಖಚಿತ ಆರ್ಡರ್ ಇದ್ದರೆ ಬ್ಯಾಂಕು ಸಾಲ ಕೊಡುತ್ತದೆ, ತಯಾರಕ ಮೆಷಿನ್ ಹಾಕುತ್ತಾನೆ.

ಕೊನೆಯದಾಗಿ, ವಿನ್ಯಾಸದ ನಕ್ಷೆಗಳನ್ನು ಗುಟ್ಟಾಗಿ ಇಡಬೇಡಿ. ಸರ್ಕಾರದ ಹಣದಲ್ಲಿ ಆದ ನಕ್ಷೆ ಸಾರ್ವಜನಿಕರದ್ದು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಇದ್ದ ಹಾಗೆ ಕೆಸೋನ್ ಸಿಟಿಯಲ್ಲಿ ಬನಾವೆ ರಸ್ತೆ ಇದೆ, ಮಕಾಟಿಯಲ್ಲಿ ಇವಾಂಜೆಲಿಸ್ಟಾ ಇದೆ. ಅಲ್ಲಿನ ಅಂಗಡಿಯವರು ಬಂಪರ್, ಬಾಗಿಲು, ಮಡ್‌ಗಾರ್ಡ್ ಮಾಡಿ ಮಾರಲಿ. ಸಮರ್, ಪಲಾವಾನ್‌ನ ಒಬ್ಬ ಲಾತೇರೊ ನಕ್ಷೆ ನೋಡಿ ತಗಡು ಕತ್ತರಿಸಿ ಬಾಗಿಲು ಮಾಡಿಕೊಡುವಂತಿರಬೇಕು. ಬ್ರೇಕ್ ಮತ್ತು ಸ್ಟೀರಿಂಗ್‌ಗೆ ಮಾತ್ರ ಪ್ರಮಾಣಪತ್ರ ಕಡ್ಡಾಯ ಮಾಡಿ.

ಮುಂದಿನ ಬಜೆಟ್ ಪ್ರಸ್ತಾವ ಸಿದ್ಧವಾಗುವ ಮೊದಲು ಒಂದು ಸಭೆ ಕರೆಯಿರಿ. ದೊಡ್ಡ ಕಾರು ಕಂಪನಿಗಳು ಹೇಗೂ ಬರುತ್ತವೆ. ಜೀಪ್ನಿ ಕಟ್ಟುವವರು, ಮಲ್ಟಿಕ್ಯಾಬ್ ಜೋಡಿಸುವವರು, ಬಿಡಿಭಾಗ ತಯಾರಕರು, ಬೆಂಗೆಟ್‌ನ ರೈತರು, ದ್ವೀಪಗಳ ಬರಾಂಗಾಯ್ ನಾಯಕರು ಆ ಸಭೆಯಲ್ಲಿ ಇರುವಂತೆ ನೋಡಿಕೊಳ್ಳಿ. ತಗಡು ಮಡಚುವ ಲೆಕ್ಕ, ಡೈ ಬೇಕಾದ ಮತ್ತು ಬೇಡವಾದ ಭಾಗಗಳ ಪಟ್ಟಿ, ಇ-ಕೋಟ್ ಘಟಕದ ಅಂದಾಜು, ಇಷ್ಟನ್ನು ನಾನು ಮತ್ತು ನನ್ನ ಜೊತೆ ಕೆಲಸ ಮಾಡುವವರು ಯಾವ ಶುಲ್ಕವೂ ಇಲ್ಲದೆ ಮಾಡಿಕೊಡಲು ತಯಾರಿದ್ದೇವೆ. ಸಭೆಯ ದಿನಾಂಕ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಲಗೂನಾದಲ್ಲಿ ಕೆಲಸ ಮಾಡುವ ಒಬ್ಬ ಕನ್ನಡಿಗ ಡೈ ಎಂಜಿನಿಯರ್